ಕಂಬದ ಮೇಲಿನ ಸೈಕಲ್, ಡಾ ವಿಂಚಿಯ ಹಾಳೆ: ಚೈನ್ ನಿಜಕ್ಕೂ ಎಲ್ಲಿಂದ ಬಂತು?

ಎರಡು ಫೋಟೊಗಳು ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಸುತ್ತು ಹೊಡೆಯುತ್ತಿರುತ್ತವೆ. ನಿಮಗೂ ಒಮ್ಮೆಯಾದರೂ ಬಂದಿರಬಹುದು. ಒಂದರಲ್ಲಿ ದೇವಸ್ಥಾನದ ಕಲ್ಲಿನ ಮೇಲೆ ಸೈಕಲ್ ತುಳಿಯುತ್ತಿರುವ ಮನುಷ್ಯನ ಕೆತ್ತನೆ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಪೂರ್ವಜರಿಗೆ ಸೈಕಲ್ ಗೊತ್ತಿತ್ತು, ವಿದೇಶಿಯರು ಅದನ್ನು ಕದ್ದರು ಎಂದು ಕೆಳಗೆ ಬರೆದಿರುತ್ತದೆ. ಇನ್ನೊಂದರಲ್ಲಿ ಕಂದುಬಣ್ಣಕ್ಕೆ ತಿರುಗಿದ ಹಳೆಯ ಹಾಳೆ, ಅದರ ಮೇಲೆ ಮಕ್ಕಳ ಕೈಬರಹದಂಥ ಸೈಕಲ್ ಚಿತ್ರ, ಪೆಡಲ್ಲಿನಿಂದ ಹಿಂದಿನ ಚಕ್ರಕ್ಕೆ ಚೈನು. ಇದನ್ನು ಲಿಯೊನಾರ್ಡೊ ಡಾ ವಿಂಚಿ 500 ವರ್ಷಗಳ ಹಿಂದೆಯೇ ಬರೆದಿದ್ದ ಎಂಬುದು ಅದರ ಜೊತೆಗಿನ ಮಾತು.

ಎರಡೂ ಸಂದೇಶಗಳು ಪರಸ್ಪರ ಜಗಳವಾಡುತ್ತವೆ ಎಂಬುದು ಒಂದು ಕಡೆಗಿರಲಿ. ಎರಡೂ ಒಂದೇ ತಪ್ಪು ಮಾಡುತ್ತವೆ. ಒಂದು ವಸ್ತುವಿನ ಚಿತ್ರ ಸಿಕ್ಕಿದರೆ ಆ ವಸ್ತುವೂ ಅಲ್ಲಿತ್ತು ಎಂದು ಭಾವಿಸುತ್ತವೆ. ಚೈನಿನ ವಿಷಯದಲ್ಲಂತೂ ಇದು ದೊಡ್ಡ ತಪ್ಪು. ಯಾಕೆ ಎಂದು ತಿಳಿಯಲು ಮ್ಯಾಂಚೆಸ್ಟರ್‌ನ ಒಂದು ಚೈನ್ ಕಂಪನಿಯ ಕಥೆ ನೋಡಬೇಕು. ಆ ಕಥೆ ತಿಳಿದರೆ ನಿಮ್ಮ ಬೈಕಿನ ಚೈನಿನ ಬಗ್ಗೆ ಬರುವ ಬೇರೆ ಫಾರ್ವರ್ಡುಗಳಲ್ಲಿ ಯಾವುದನ್ನು ನಂಬಬಹುದು, ಯಾವುದು ಅಪಾಯ ಎಂಬುದೂ ಗೊತ್ತಾಗುತ್ತದೆ.

ಮೊದಲು ಆ ಎರಡು ಫೋಟೊಗಳು

ಕೆತ್ತನೆ ಇರುವುದು ತಮಿಳುನಾಡಿನ ತಿರುಚ್ಚಿರಾಪಳ್ಳಿಯ ಉರೈಯೂರಿನಲ್ಲಿರುವ ಪಂಚವರ್ಣಸ್ವಾಮಿ ದೇವಾಲಯದಲ್ಲಿ. ದೇವಾಲಯ ನಿಜಕ್ಕೂ ಬಹಳ ಹಳೆಯದು. ಕೆತ್ತನೆಯೂ ಫೋಟೊಶಾಪ್ ಮಾಡಿದ್ದಲ್ಲ, ಹೋಗಿ ನೋಡಬಹುದು. ಆದರೆ ದೇವಾಲಯ ಹಳೆಯದು ಎಂದ ಮಾತ್ರಕ್ಕೆ ಅದರ ಪ್ರತಿ ಕಲ್ಲೂ ಅಷ್ಟೇ ಹಳೆಯದಾಗಬೇಕಿಲ್ಲ. 1920ರ ಆಸುಪಾಸಿನಲ್ಲಿ ಅಲ್ಲಿ ಜೀರ್ಣೋದ್ಧಾರ ನಡೆದಾಗ, ಊರಿಗೆ ಹೊಸದಾಗಿ ಬಂದಿದ್ದ ಸೈಕಲ್ಲನ್ನು ಕಂಡ ಶಿಲ್ಪಿ ಅದನ್ನೂ ಕಲ್ಲಿಗಿಳಿಸಿದ ಎಂಬುದು ಇತಿಹಾಸ ಸಂಶೋಧಕರ ವಿವರಣೆ. ತನ್ನ ಕಾಲದಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೆತ್ತುವುದು ಶಿಲ್ಪಿಗಳಿಗೆ ಹೊಸದೇನಲ್ಲ.

ಡಾ ವಿಂಚಿಯ ಹಾಳೆ ಇನ್ನೂ ಸ್ವಾರಸ್ಯದ್ದು. ‘ಕೋಡೆಕ್ಸ್ ಅಟ್ಲಾಂಟಿಕಸ್’ ಎಂಬ ಆತನ ಹಾಳೆಗಳ ಸಂಗ್ರಹದಲ್ಲಿ ಈ ಸೈಕಲ್ ಚಿತ್ರವಿದೆ. 1974ರಲ್ಲಿ ಇಟಲಿಯ ವಿದ್ವಾಂಸ ಔಗುಸ್ತೊ ಮರಿನೋನಿ ಅದನ್ನು ಜಗತ್ತಿನ ಮುಂದಿಟ್ಟರು. ಆದರೆ ಕಾರ್ಲೊ ಪೆದ್ರೆತ್ತಿ ಎಂಬ ಇನ್ನೊಬ್ಬ ವಿದ್ವಾಂಸರು 1961ರಲ್ಲೇ ಅದೇ ಹಾಳೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ್ದರು. ಆಗ ಅವರಿಗೆ ಕಂಡದ್ದು ಕೆಲವು ವೃತ್ತಗಳು ಮತ್ತು ಗೆರೆಗಳು ಮಾತ್ರ. ಉಳಿದ ಭಾಗವನ್ನು ಆಮೇಲೆ ಯಾರೋ ಸೇರಿಸಿದ್ದಾರೆ ಎಂದು ಜರ್ಮನಿಯ ಸೈಕಲ್ ಇತಿಹಾಸಕಾರ ಹಾನ್ಸ್-ಎರ್ಹಾರ್ಡ್ ಲೆಸ್ಸಿಂಗ್ 1997ರಲ್ಲಿ ವಾದಿಸಿದರು. ಸೈಕಲ್ ಇತಿಹಾಸ ಬಲ್ಲವರಲ್ಲಿ ಹೆಚ್ಚಿನವರು ಇಂದು ಈ ಚಿತ್ರವನ್ನು ಡಾ ವಿಂಚಿಯದೆಂದು ಒಪ್ಪುವುದಿಲ್ಲ.

ಆದರೆ ಡಾ ವಿಂಚಿ ಚೈನಿನ ಚಿತ್ರಗಳನ್ನು ಬರೆದದ್ದು ನಿಜ. ಮ್ಯಾಡ್ರಿಡ್‌ನಲ್ಲಿರುವ ಆತನ ಇನ್ನೊಂದು ಹಸ್ತಪ್ರತಿಯಲ್ಲಿ ಕೊಂಡಿಗೆ ಕೊಂಡಿ ಸೇರಿದ ಲೋಹದ ಚೈನುಗಳಿವೆ, ಅವುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಅಷ್ಟೇ ಅಲ್ಲ, ಹನ್ನೊಂದನೇ ಶತಮಾನದ ಕೊನೆಯಲ್ಲಿ ಚೀನಾದ ಸು ಸಾಂಗ್ ಕಟ್ಟಿಸಿದ ಬೃಹತ್ ಗಡಿಯಾರ ಗೋಪುರದಲ್ಲಿ ಚಕ್ರದಿಂದ ಚಕ್ರಕ್ಕೆ ಶಕ್ತಿ ಸಾಗಿಸುವ ಚೈನೇ ಇತ್ತು. ಹಾಗಾಗಿ ‘ಚೈನಿನ ಕಲ್ಪನೆ ಯಾರದ್ದು’ ಎಂದು ಕೇಳಿದರೆ ಉತ್ತರ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ.

ಹಾಗಿದ್ದರೆ ಸೈಕಲ್ ಬರಲು 19ನೇ ಶತಮಾನದ ಕೊನೆಯವರೆಗೆ ಯಾಕೆ ಕಾಯಬೇಕಾಯಿತು?

570 ತುಂಡುಗಳ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಸೈಕಲ್ಲಿನ ಹಳೆಯ ಮಾದರಿಯ ಚೈನನ್ನೋ ಬೈಕಿನ ಚೈನನ್ನೋ ಹತ್ತಿರದಿಂದ ನೋಡಿ. ಎರಡು ಬಗೆಯ ಕೊಂಡಿಗಳು ಒಂದಾದ ಮೇಲೊಂದು ಬರುತ್ತವೆ. ಒಳಕೊಂಡಿಯಲ್ಲಿ ಎರಡು ಪಟ್ಟಿ, ಎರಡು ಬುಷ್, ಎರಡು ರೋಲರ್. ಹೊರಕೊಂಡಿಯಲ್ಲಿ ಎರಡು ಪಟ್ಟಿ, ಎರಡು ಪಿನ್. ಎರಡು ಕೊಂಡಿಗೆ ಹತ್ತು ತುಂಡು, ಅಂದರೆ ಕೊಂಡಿಗೆ ಐದು. 114 ಕೊಂಡಿಗಳ ಒಂದು ಚೈನಿನಲ್ಲಿ 570 ತುಂಡುಗಳು.

ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರವನ್ನು ‘ಪಿಚ್’ ಎನ್ನುತ್ತಾರೆ. ಸೈಕಲ್ ಚೈನಿನಲ್ಲಿ ಅದು ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಈಗ ಒಬ್ಬ ಒಳ್ಳೆಯ ಕಮ್ಮಾರ ಕೈಯಿಂದಲೇ ಈ ಚೈನು ಮಾಡುತ್ತಾನೆ ಎಂದುಕೊಳ್ಳಿ. ಪ್ರತಿ ಕೊಂಡಿಯಲ್ಲೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಸುಮಾರು ಒಂದು ದಪ್ಪ ಹಾಳೆಯಷ್ಟು, ಉದ್ದ ಹೆಚ್ಚಾಯಿತು. ಕೈಕೆಲಸಕ್ಕೆ ಇದು ಅತ್ಯುತ್ತಮ ಎನ್ನಬೇಕು. ಆದರೆ 114 ಕೊಂಡಿಗಳಲ್ಲಿ ಆ ವ್ಯತ್ಯಾಸ ಕೂಡಿ 11.4 ಮಿಲಿಮೀಟರ್ ಆಗುತ್ತದೆ, ಹೆಚ್ಚುಕಡಿಮೆ ಇಡೀ ಒಂದು ಕೊಂಡಿಯಷ್ಟು. ಕೊಂಡಿಗಳು ಒಂದೇ ಸಮ ಇಲ್ಲದಿದ್ದರೆ ಭಾರ ಕೆಲವು ಹಲ್ಲುಗಳ ಮೇಲೆ ಮಾತ್ರ ಬೀಳುತ್ತದೆ, ಚೈನು ಹಲ್ಲು ಹತ್ತಿ ಹಾರುತ್ತದೆ.

ಅಂದರೆ ಚೈನಿಗೆ ಬೇಕಾದದ್ದು ಒಂದು ಜಾಣ ಚಿತ್ರ ಮಾತ್ರವಲ್ಲ. ಒಂದೇ ಅಳತೆಯ ಸಾವಿರಾರು ತುಂಡುಗಳನ್ನು, ಒಂದಕ್ಕೊಂದು ಬದಲಿಸಿದರೂ ಕೂರುವಂತೆ, ಜನ ಕೊಳ್ಳಬಹುದಾದ ಬೆಲೆಗೆ ಮಾಡುವ ವ್ಯವಸ್ಥೆ ಬೇಕು. ಒಳ್ಳೆಯ ಉಕ್ಕು ಅಗ್ಗವಾಗಬೇಕು. ಪಟ್ಟಿ ಕತ್ತರಿಸುವ ಪ್ರೆಸ್ಸು, ಪಿನ್ನಿನ ಮೇಲ್ಮೈಯನ್ನು ಗಡುಸು ಮಾಡುವ ಕುಲುಮೆ, ಅಳೆಯುವ ಗೇಜು, ಇವೆಲ್ಲ ಬೇಕು. ಡಾ ವಿಂಚಿಯ ಬಳಿ ಪೆನ್ನಿತ್ತು, ಇವು ಇರಲಿಲ್ಲ.

ಹತ್ತಿ ಗಿರಣಿಗಳ ಊರಿನಲ್ಲಿ

19ನೇ ಶತಮಾನದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಎಂದರೆ ಹತ್ತಿ ಗಿರಣಿಗಳ ರಾಜಧಾನಿ. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತುಹೋದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಬೇಡಿಕೆ ಬಂದದ್ದು ಇದೇ ಪ್ರದೇಶದ ಗಿರಣಿಗಳಿಂದ. ಗಿರಣಿಗಳಲ್ಲಿ ಯಂತ್ರಗಳು ಓಡುತ್ತಿದ್ದದ್ದು ಬಹುತೇಕ ಚರ್ಮದ ಬೆಲ್ಟುಗಳಿಂದ. ಬೆಲ್ಟು ಜಾರುತ್ತದೆ, ತೇವಕ್ಕೆ ಸಡಿಲವಾಗುತ್ತದೆ. ಎರಡು ಚಕ್ರಗಳು ಸ್ವಲ್ಪವೂ ಹಿಂದೆ ಮುಂದೆ ಆಗದಂತೆ ಜೊತೆಯಲ್ಲೇ ತಿರುಗಬೇಕಾದ ಕಡೆ ಚೈನೇ ಬೇಕು. ಪಕ್ಕದ ಸ್ಯಾಲ್ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬಾತ ಇಂಥ ಚೈನುಗಳನ್ನು ಮಾಡುತ್ತಿದ್ದರು. 1864ರಲ್ಲಿ ಅವರು ಒಂದು ಚೈನಿಗೆ ಪೇಟೆಂಟನ್ನೂ ಪಡೆದಿದ್ದರು.

1873ರಲ್ಲಿ ಹಾನ್ಸ್ ರೆನಾಲ್ಡ್ ಎಂಬ ಯುವಕ ಸ್ವಿಟ್ಜರ್ಲೆಂಡಿನಿಂದ ಮ್ಯಾಂಚೆಸ್ಟರ್‌ಗೆ ಬಂದರು. ಹುಟ್ಟೂರು ಆರಾವ್, ಹುಟ್ಟಿದ್ದು 1852ರಲ್ಲಿ. ಯಂತ್ರಗಳನ್ನು ರಫ್ತು ಮಾಡುವ ಕಂಪನಿಯಲ್ಲಿ ಕೆಲಸ ಮಾಡಿ, 1879ರಲ್ಲಿ ಸ್ಲೇಟರ್ ಅವರ ಪುಟ್ಟ ಚೈನ್ ಕಾರ್ಖಾನೆಯನ್ನು ಕೊಂಡುಕೊಂಡರು. ಮರುವರ್ಷ, 1880ರಲ್ಲಿ, ಅವರು ಮಾಡಿದ ಒಂದು ಬದಲಾವಣೆಯೇ ಇಂದು ನಿಮ್ಮ ಮನೆಯ ಸೈಕಲ್ಲಿನಿಂದ ಮೆಟ್ರೊ ಎಸ್ಕಲೇಟರಿನವರೆಗೆ ಎಲ್ಲ ಕಡೆ ಇರುವ ‘ಬುಷ್ ರೋಲರ್ ಚೈನ್’.

ಬದಲಾವಣೆ ಏನು? ಹಳೆಯ ಚೈನಿನಲ್ಲಿ ಪಟ್ಟಿಯ ತೂತು ನೇರವಾಗಿ ಪಿನ್ನಿನ ಮೇಲೆ ಕೂರುತ್ತಿತ್ತು. ಪಟ್ಟಿ ತೆಳ್ಳಗೆ. ಆದ್ದರಿಂದ ಎಳೆತದ ಪೂರ್ತಿ ಭಾರ ಪಿನ್ನಿನ ಒಂದೆರಡು ಸಣ್ಣ ಜಾಗಗಳ ಮೇಲೆ ಬೀಳುತ್ತಿತ್ತು. ಚೈನು ಚಕ್ರದ ಸುತ್ತ ಬಾಗುವಾಗಲೆಲ್ಲ ಆ ಜಾಗ ಉಜ್ಜಿ ಬೇಗ ಸವೆಯುತ್ತಿತ್ತು. ತೆಳುವಾದ ದಾರದಲ್ಲಿ ತುಂಬಿದ ಕೊಡ ಎತ್ತಿದರೆ ಬೆರಳು ಕತ್ತರಿಸಿದಂತಾಗುತ್ತದೆ, ಅದೇ ಕೊಡವನ್ನು ಅಗಲವಾದ ಪಟ್ಟಿಯಲ್ಲಿ ಎತ್ತಿದರೆ ಅಷ್ಟು ನೋಯುವುದಿಲ್ಲ. ರೆನಾಲ್ಡ್ ಮಾಡಿದ್ದು ಹೆಚ್ಚುಕಡಿಮೆ ಇದೇ. ಎರಡು ಒಳಪಟ್ಟಿಗಳ ನಡುವೆ ಒಂದು ಪುಟ್ಟ ಕೊಳವೆಯನ್ನು ಬಿಗಿಯಾಗಿ ಕೂರಿಸಿದರು. ಅದೇ ಬುಷ್. ಪಿನ್ನು ಈಗ ಆ ಕೊಳವೆಯೊಳಗೆ ತಿರುಗುತ್ತದೆ, ಭಾರ ಅದರ ಪೂರ್ತಿ ಉದ್ದಕ್ಕೆ ಹರಡಿಕೊಳ್ಳುತ್ತದೆ. ಬುಷ್ಷಿನ ಮೇಲೆ ಇನ್ನೊಂದು ಬಳೆಯಂಥ ರೋಲರ್. ಹಲ್ಲಿಗೆ ತಾಗುವುದು ಈ ರೋಲರು, ತಾಗಿದಾಗ ಅದು ಉರುಳುತ್ತದೆ. ಉಜ್ಜಾಟ ಕಡಿಮೆ, ಹಲ್ಲಿನ ಸವೆತವೂ ಕಡಿಮೆ.

ನೋಡಲು ಏನೂ ಇಲ್ಲ. ಚೈನನ್ನು ಕೈಯಲ್ಲಿ ಹಿಡಿದರೂ ಬುಷ್ ಕಣ್ಣಿಗೆ ಬೀಳುವುದಿಲ್ಲ, ರೋಲರಿನ ಒಳಗೆ ಅಡಗಿರುತ್ತದೆ. ಹೀಗಾಗಿಯೇ ಏನೋ ಈ ಆವಿಷ್ಕಾರದ ಫೋಟೊ ಯಾವ ಗ್ರೂಪಿಗೂ ಬರುವುದಿಲ್ಲ.

ಚೈನಿನ ಜೊತೆಗಾರ ಸ್ಪ್ರಾಕೆಟ್, ಅಂದರೆ ಹಲ್ಲಿನ ಚಕ್ರ. ಅದರದ್ದೂ ಒಂದು ಗುಟ್ಟಿದೆ. ಚೈನು ಸ್ಪ್ರಾಕೆಟ್ಟಿನ ಮೇಲೆ ನಿಜವಾದ ವೃತ್ತವಾಗಿ ಕೂರುವುದಿಲ್ಲ. ಕೊಂಡಿಗಳು ನೇರ ತುಂಡುಗಳಾದ್ದರಿಂದ ಅದು ಬಹುಭುಜಾಕೃತಿ. ಆದ್ದರಿಂದ ಚಕ್ರ ಒಂದೇ ವೇಗದಲ್ಲಿ ತಿರುಗಿದರೂ ಚೈನಿನ ವೇಗ ಪ್ರತಿ ಹಲ್ಲಿಗೂ ಸ್ವಲ್ಪ ಏರಿಳಿಯುತ್ತದೆ. 14 ಹಲ್ಲಿನ ಸ್ಪ್ರಾಕೆಟ್ಟಿನಲ್ಲಿ ಈ ಏರಿಳಿತ ಸುಮಾರು ಶೇ 2.5, 42 ಹಲ್ಲಿನದರಲ್ಲಿ ಶೇ 0.3ಕ್ಕಿಂತ ಕಡಿಮೆ. ಸ್ಪ್ರಾಕೆಟ್ ತೀರಾ ಚಿಕ್ಕದಾದಷ್ಟೂ ಸದ್ದು ಮತ್ತು ಅದುರು ಹೆಚ್ಚುವುದು ಈ ಕಾರಣಕ್ಕೆ. 1885ರಲ್ಲಿ ರೆನಾಲ್ಡ್ ಹಲ್ಲುಗಳೇ ಚೈನಿನಲ್ಲಿರುವ ಇನ್ನೊಂದು ಬಗೆಯನ್ನು ತಂದರು. ಸದ್ದು ಕಡಿಮೆಯಾದ್ದರಿಂದ ಅದಕ್ಕೆ ‘ಸೈಲೆಂಟ್ ಚೈನ್’ ಎಂದೇ ಹೆಸರಾಯಿತು.

ಎತ್ತರದ ಚಕ್ರ ಇಳಿದು ಬಂದದ್ದು

ರೆನಾಲ್ಡ್ ಚೈನು ಮಾಡಿದ್ದು ಗಿರಣಿ ಯಂತ್ರಗಳಿಗೆ. ಆದರೆ ಅದನ್ನು ಲೋಕಪ್ರಸಿದ್ಧ ಮಾಡಿದ್ದು ಸೈಕಲ್. ಆಗಿನ ಸೈಕಲ್ಲಿಗೆ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರ. ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಇದ್ದುದರಿಂದ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು. ವೇಗ ಬೇಕೆಂದರೆ ಚಕ್ರವೇ ದೊಡ್ಡದಾಗಬೇಕು. ಕಲ್ಲಿಗೆ ತಾಗಿದರೆ ಸವಾರ ತಲೆಕೆಳಗಾಗಿ ಮುಂದಕ್ಕೆ ಬೀಳುತ್ತಿದ್ದ. ಸೀರೆಯುಟ್ಟವರಿರಲಿ, ಉದ್ದ ಲಂಗ ತೊಟ್ಟ ಇಂಗ್ಲಿಷ್ ಹೆಂಗಸರಿಗೂ ಅದು ದೂರದ ಮಾತು.

ಚೈನು ಬಂದರೆ ಈ ಕಟ್ಟುಪಾಡು ಇಲ್ಲ. ಪೆಡಲ್ ಕಡೆ ದೊಡ್ಡ ಸ್ಪ್ರಾಕೆಟ್, ಹಿಂಚಕ್ರದ ಕಡೆ ಚಿಕ್ಕದು ಹಾಕಿದರೆ ಒಂದು ತುಳಿತಕ್ಕೆ ಚಕ್ರ ಎರಡು ಮೂರು ಸುತ್ತು ತಿರುಗುತ್ತದೆ. ಚಕ್ರ ಚಿಕ್ಕದಾಗಬಹುದು, ಸವಾರನ ಕಾಲು ನೆಲ ಮುಟ್ಟಬಹುದು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ‘ರೋವರ್’ ಸೈಕಲ್ ಇದೇ ರೀತಿಯದು. ಇಂಥ ಸೈಕಲ್ಲುಗಳನ್ನು ‘ಸೇಫ್ಟಿ’ ಎಂದೇ ಕರೆದರು. ಮುಂದಿನ ಹತ್ತು ಹದಿನೈದು ವರ್ಷ ಯುರೋಪು, ಅಮೆರಿಕದಲ್ಲಿ ಸೈಕಲ್ ಹುಚ್ಚು ಹರಡಿತು, ಚೈನ್ ಕಾರ್ಖಾನೆಗಳು ಊರೂರಿಗೆ ಹುಟ್ಟಿದವು. ಉರೈಯೂರಿನ ಶಿಲ್ಪಿಯ ಕಣ್ಣಿಗೆ ಬಿದ್ದ ಸೈಕಲ್ಲು ಈ ಅಲೆಯಲ್ಲೇ ಬಂದದ್ದು.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1890ರಲ್ಲಿ ಶುರುವಾಗಿ ಮುಂದೆ ‘ಡೈಮಂಡ್ ಚೈನ್’ ಎಂದು ಹೆಸರಾದ ಕಂಪನಿ ಅವುಗಳಲ್ಲೊಂದು. ಸೈಕಲ್ ಅಂಗಡಿ ನಡೆಸುತ್ತಿದ್ದ ರೈಟ್ ಸಹೋದರರು 1903ರಲ್ಲಿ ವಿಮಾನ ಕಟ್ಟಿದಾಗ ಎಂಜಿನ್ನಿನಿಂದ ಎರಡು ಪ್ರೊಪೆಲ್ಲರುಗಳಿಗೆ ಶಕ್ತಿ ಸಾಗಿಸಿದ್ದು ಈ ಕಂಪನಿಯ ಚೈನುಗಳಿಂದ. ಎರಡು ಪ್ರೊಪೆಲ್ಲರುಗಳು ವಿರುದ್ಧ ದಿಕ್ಕಿನಲ್ಲಿ ತಿರುಗಬೇಕಿತ್ತು. ಅದಕ್ಕೆ ಅವರು ಒಂದು ಚೈನನ್ನು ಇಂಗ್ಲಿಷಿನ 8ರ ಆಕಾರದಲ್ಲಿ ತಿರುಚಿ ಹಾಕಿದರು, ಅಷ್ಟೇ. ಹಾರಾಟಕ್ಕೆ ಮುನ್ನ ಸ್ಪ್ರಾಕೆಟ್ಟುಗಳು ಮತ್ತೆ ಮತ್ತೆ ಸಡಿಲವಾಗಿ ಅವರನ್ನು ಕಾಡಿದವು. ಕೊನೆಗೆ ಸೈಕಲ್ ಟೈರ್ ಅಂಟಿಸುವ ಗಟ್ಟಿ ಅಂಟನ್ನು ಹಾಕಿ ಅವನ್ನು ಕೂರಿಸಿದರು. ಡಿಸೆಂಬರ್ 17ರಂದು 12 ಸೆಕೆಂಡಿನ ಆ ಮೊದಲ ಹಾರಾಟ ನಡೆದದ್ದು ಹೀಗೆ. ಪಂಕ್ಚರ್ ಅಂಗಡಿಯವರು ಇದನ್ನು ಗೋಡೆಗೆ ಬರೆಸಿ ಹಾಕಿಕೊಳ್ಳಬಹುದು.

ಗಡಿಯಾರ ಹಿಡಿದ ಮಾಲೀಕ

ರೆನಾಲ್ಡ್ ಕಂಪನಿಯ ಕಥೆಯಲ್ಲಿ ಚೈನಿಗಿಂತ ಕಡಿಮೆ ಮಾತಾಡುವ, ಆದರೆ ನಮಗೆ ಹೆಚ್ಚು ಮುಖ್ಯವೆನಿಸಿದ ಭಾಗ ಒಂದಿದೆ. 1896ರಲ್ಲಿ ಹಾನ್ಸ್ ರೆನಾಲ್ಡ್ ತಮ್ಮ ಕಾರ್ಮಿಕರಿಗೆ ವಾರಕ್ಕೆ 48 ಗಂಟೆ ಕೆಲಸ ಎಂದು ನಿಗದಿ ಮಾಡಿದರು. ಆಗ ಇಂಗ್ಲೆಂಡಿನ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ 53–54 ಗಂಟೆ ಸಾಮಾನ್ಯವಾಗಿತ್ತು. ಮರುವರ್ಷವೇ, 1897ರಲ್ಲಿ, ದಿನಕ್ಕೆ ಎಂಟು ಗಂಟೆಯ ಕೆಲಸ ಕೇಳಿದ್ದಕ್ಕೆ ದೇಶದ ಎಂಜಿನಿಯರಿಂಗ್ ಮಾಲೀಕರು ಒಟ್ಟಾಗಿ ಕಾರ್ಖಾನೆಗಳಿಗೆ ಬೀಗ ಹಾಕಿದರು. 1898ರ ಆರಂಭದವರೆಗೆ ನಡೆದ ಆ ಹೋರಾಟದಲ್ಲಿ ಕಾರ್ಮಿಕರು ಸೋತರು. ಎಲ್ಲರೂ ಬೀಗ ಜಡಿದ ವಿಷಯವನ್ನು ಒಂದು ಚೈನ್ ಕಾರ್ಖಾನೆ ಅದಾಗಲೇ ಜಾರಿಗೆ ತಂದಿತ್ತು.

ರೆನಾಲ್ಡ್ ಅವರನ್ನು ದೇವರಂಥ ಮಾಲೀಕ ಎಂದು ಫ್ರೇಮು ಹಾಕಿ ಗೋಡೆಗೆ ತೂಗುಹಾಕುವ ಅಗತ್ಯವೂ ಇಲ್ಲ. ಅಮೆರಿಕದ ಎಫ್. ಡಬ್ಲ್ಯು. ಟೇಲರ್ ರೂಪಿಸಿದ, ಪ್ರತಿ ಕೆಲಸಕ್ಕೂ ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆದು ಕಾರ್ಮಿಕನ ಕೈಚಳಕವನ್ನು ಮ್ಯಾನೇಜರನ ಕಾಗದಕ್ಕೆ ವರ್ಗಾಯಿಸುವ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಮೊದಲು ಅಳವಡಿಸಿಕೊಂಡ ಕೆಲವೇ ಕಂಪನಿಗಳಲ್ಲಿ ಇವರದ್ದೂ ಒಂದು. ಕಡಿಮೆ ಗಂಟೆ ಮತ್ತು ಬಿಗಿ ಅಳತೆ ಒಂದೇ ಸೂರಿನಡಿ ಇದ್ದವು. ಲಕ್ಷಗಟ್ಟಲೆ ಪಿನ್ನುಗಳು ಒಂದೇ ಸಮ ಬರಬೇಕಾದ ಕಾರ್ಖಾನೆಯಲ್ಲಿ ಮನುಷ್ಯರ ಕೈಯೂ ಒಂದೇ ಸಮ ಓಡಬೇಕೆಂಬ ಆಸೆ ಹುಟ್ಟುವುದು ಸಹಜ. ಅದು ಯಾರ ಬೆಲೆಗೆ ಎಂಬ ಪ್ರಶ್ನೆ ಇಂದಿನ ಕಾರ್ಖಾನೆಗಳಲ್ಲೂ ಮುಗಿದಿಲ್ಲ.

ಮಗ ಚಾರ್ಲ್ಸ್ ರೆನಾಲ್ಡ್ ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ಮೊದಲ ಮಹಾಯುದ್ಧದ ಹೊತ್ತಿಗೆ ಕಾರ್ಮಿಕರ ಪ್ರತಿನಿಧಿಗಳೂ ಆಡಳಿತದವರೂ ಒಟ್ಟಿಗೆ ಕೂತು ಚರ್ಚಿಸುವ ಸಮಿತಿಗಳನ್ನು ಅವರು ಬೆಳೆಸಿದರು. ಅದರ ಮೂವತ್ತು ವರ್ಷಗಳ ಅನುಭವವನ್ನು 1950ರಲ್ಲಿ ಪುಸ್ತಕವಾಗಿಯೂ ಬರೆದರು. 1930ರಲ್ಲಿ ಕಂಪನಿ ಕೊವೆಂಟ್ರಿ ಚೈನ್ ಕಂಪನಿಯೊಂದಿಗೆ ಒಂದಾಯಿತು. ಹಾನ್ಸ್ ರೆನಾಲ್ಡ್ 1943ರಲ್ಲಿ ತೀರಿಕೊಂಡರು.

ಅಂಬತ್ತೂರು, ಕೊಯಮತ್ತೂರು, ಮೈಸೂರು

ನಮ್ಮ ದೇಶದಲ್ಲಿ ಚೈನು ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು ಸ್ವಾತಂತ್ರ್ಯದ ನಂತರ. 1949ರಲ್ಲಿ ಮುರುಗಪ್ಪ ಕುಟುಂಬದವರು ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಮದ್ರಾಸಿನಲ್ಲಿ ಸೈಕಲ್ ಕಂಪನಿ ಶುರು ಮಾಡಿದರು. ಹರ್ಕ್ಯುಲಿಸ್, ಬಿಎಸ್‌ಎ ಸೈಕಲ್ಲುಗಳು ಅಲ್ಲಿಯವು. ಸೈಕಲ್ ಆದ ಮೇಲೆ ಚೈನು ಬೇಕಲ್ಲ? 1960ರಲ್ಲಿ ಅದೇ ಗುಂಪು ಟಿಐ ಡೈಮಂಡ್ ಚೈನ್ ಎಂಬ ಕಂಪನಿ ಕಟ್ಟಿತು. ಹೆಸರಿನಲ್ಲಿರುವ ‘ಡೈಮಂಡ್’ ಬೇರೆ ಯಾವುದೂ ಅಲ್ಲ, ರೈಟ್ ಸಹೋದರರ ವಿಮಾನಕ್ಕೆ ಚೈನು ಕೊಟ್ಟ ಇಂಡಿಯಾನಾಪೊಲಿಸ್ ಕಂಪನಿಯೇ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕೊಯಮತ್ತೂರಿನ ಎಲ್.ಜಿ. ಬಾಲಕೃಷ್ಣನ್ ಅಂಡ್ ಬ್ರದರ್ಸ್ ಕೂಡ ಚೈನ್ ತಯಾರಿಕೆಗೆ ಇಳಿಯಿತು. ಬಸ್ಸು ಓಡಿಸುವ ಸಂಸ್ಥೆಯಾಗಿ ಶುರುವಾದ ಇದರ ‘ರೋಲಾನ್’ ಚೈನಿನ ಪೊಟ್ಟಣ ನಮ್ಮ ಯಾವ ಸಣ್ಣ ಊರಿನ ಬೈಕ್ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. 2008ರಲ್ಲಿ ಈ ಕಂಪನಿಯ ಕೈಗಾರಿಕಾ ಚೈನ್ ವಿಭಾಗದಲ್ಲಿ ಬಹುಪಾಲನ್ನು ಕೊಂಡದ್ದು ಯಾರು ಗೊತ್ತೇ? ಮ್ಯಾಂಚೆಸ್ಟರ್‌ನ ಅದೇ ರೆನಾಲ್ಡ್ ಕಂಪನಿ. ಕೈಗಾರಿಕಾ ಚೈನ್ ಎಂದರೆ ಸೈಕಲ್, ಬೈಕು ಅಲ್ಲದ್ದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬನ್ನು ಗಾಣದತ್ತ ಒಯ್ಯುವ ಕ್ಯಾರಿಯರ್, ಸಿಮೆಂಟ್ ಕಾರ್ಖಾನೆಯ ಎಲಿವೇಟರ್, ಎಸ್ಕಲೇಟರಿನ ಮೆಟ್ಟಿಲ ಸಾಲು, ಇವನ್ನೆಲ್ಲ ಎಳೆಯುವುದು ಇಂಥ ಚೈನುಗಳೇ.

ಮೈಸೂರಿಗೂ ಈ ಕಥೆಯಲ್ಲಿ ಒಂದು ಜಾಗ ಇದೆ. 1960ರ ದಶಕದಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಹಳೆಯ ಜಾವಾ ಇಟ್ಟುಕೊಂಡವರನ್ನು ಕೇಳಿ, ಅದರ ಹಿಂದಿನ ಚೈನು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ, ಪೂರ್ತಿ ಮುಚ್ಚಿದ ತಗಡಿನ ಕವರಿನೊಳಗೆ ಓಡುತ್ತಿತ್ತು. ಧೂಳಿಲ್ಲ, ಕೆಸರಿಲ್ಲ, ಸೀರೆಯ ಸೆರಗು ಸಿಕ್ಕುವ ಭಯವೂ ಇಲ್ಲ. ಈಗಿನ ಅನೇಕ ಬೈಕುಗಳಲ್ಲಿ ನೋಟ ಚೆನ್ನಾಗಿರಲೆಂದು ಚೈನನ್ನು ತೆರೆದೇ ಬಿಡುತ್ತಾರೆ. ನಮಗೆ ಕೇಳಿದರೆ ಇದು ಮುಂದುವರಿಕೆಯಲ್ಲ, ಹಿನ್ನಡೆ.

ಚೈನು ‘ಹಿಗ್ಗುತ್ತದೆ’ಯೇ?

ಈಗ ನಿಮ್ಮ ಗಾಡಿಯ ವಿಷಯಕ್ಕೆ ಬರೋಣ. ‘ಚೈನು ಲೂಸಾಗಿದೆ, ಹಿಗ್ಗಿದೆ’ ಎಂದು ನಾವೆಲ್ಲ ಹೇಳುತ್ತೇವೆ, ಮೆಕ್ಯಾನಿಕ್ ಕೂಡ ಹೇಳುತ್ತಾರೆ. ರಬ್ಬರಿನ ಹಾಗೆ ಉಕ್ಕಿನ ಪಟ್ಟಿಗಳು ಎಳೆದು ಉದ್ದವಾಗುತ್ತವೆ ಎಂಬ ಭಾವನೆ ಇದರಿಂದ ಹುಟ್ಟುತ್ತದೆ. ಪಟ್ಟಿಗಳು ಉದ್ದವಾಗುವುದಿಲ್ಲ. ಪಿನ್ನು ಮತ್ತು ಬುಷ್ ಒಂದನ್ನೊಂದು ಉಜ್ಜಿ ಸವೆಯುತ್ತವೆ, ನಡುವೆ ಕೂದಲೆಳೆಯಷ್ಟು ಸಡಿಲ ಬರುತ್ತದೆ. ಮೇಲೆ ಹೇಳಿದ ಕೂಡುವ ಲೆಕ್ಕವೇ ಇಲ್ಲೂ ನಡೆಯುತ್ತದೆ. ಪ್ರತಿ ಕೀಲಿನಲ್ಲಿ ಚೂರು ಚೂರು ಸಡಿಲ ಸೇರಿ ಇಡೀ ಚೈನು ಸೆಂಟಿಮೀಟರಿನಷ್ಟು ಉದ್ದವಾಗುತ್ತದೆ. ಅಂದರೆ 1880ರಲ್ಲಿ ರೆನಾಲ್ಡ್ ಕೈಹಾಕಿದ ಜಾಗವೇ ಇಂದಿಗೂ ಚೈನಿನ ಆಯುಸ್ಸನ್ನು ನಿರ್ಧರಿಸುವ ಜಾಗ.

ಇದು ಗೊತ್ತಿದ್ದರೆ ಹಲವು ಫಾರ್ವರ್ಡುಗಳನ್ನು ನೀವೇ ತೂಗಿ ನೋಡಬಹುದು.

ಚೈನಿನ ಮೇಲೆ ದಪ್ಪಗೆ ಗ್ರೀಸು ಬಳಿದರೆ ಸಾಕು ಎನ್ನುವ ವಿಡಿಯೊಗಳಿವೆ. ಹೊರಗೆ ಮೆತ್ತಿದ ಗ್ರೀಸು ಪಿನ್ನು-ಬುಷ್ಷಿನ ನಡುವೆ ಇಳಿಯುವುದೇ ಕಷ್ಟ, ಬದಲಿಗೆ ಧೂಳನ್ನು ಹಿಡಿದು ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಒಳಗೆ ಇಳಿಯುವಂಥ ಎಣ್ಣೆ ಬೇಕು. ಹಲವು ಬೈಕುಗಳ ಮ್ಯಾನ್ಯುಯಲ್ಲಿನಲ್ಲಿ ಎಸ್‌ಎಇ 90 ಗೇರ್ ಎಣ್ಣೆ ಅಥವಾ ಚೈನ್ ಲ್ಯೂಬ್ ಎಂದಿರುತ್ತದೆ. ಎಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಒಣಗಿದ ಚೈನಿಗಿಂತ ಅದೂ ವಾಸಿ ಎನ್ನಬಹುದೇ ಹೊರತು ಶಿಫಾರಸು ಮಾಡುವಂಥದ್ದಲ್ಲ.

ಕೆಲವು ಚೈನುಗಳಲ್ಲಿ ಪಟ್ಟಿಗಳ ನಡುವೆ ಸಣ್ಣ ರಬ್ಬರ್ ಬಳೆಗಳಿರುತ್ತವೆ, ‘ಓ-ರಿಂಗ್’ ಎನ್ನುತ್ತಾರೆ. ಕಾರ್ಖಾನೆಯಲ್ಲೇ ಪಿನ್ನು-ಬುಷ್ಷಿನ ನಡುವೆ ಹಾಕಿದ ಗ್ರೀಸು ಹೊರಬರದಂತೆ ತಡೆಯುವುದು ಅವುಗಳ ಕೆಲಸ. ಇಂಥ ಚೈನನ್ನು ಪೆಟ್ರೋಲಿನಲ್ಲಿ ತೊಳೆದರೆ, ತಂತಿಯ ಬ್ರಷ್ಷಿನಲ್ಲಿ ಉಜ್ಜಿದರೆ ರಬ್ಬರು ಹಾಳಾಗುತ್ತದೆ, ಒಳಗಿನ ಗ್ರೀಸು ಹೋಗುತ್ತದೆ. ಹೋದದ್ದನ್ನು ಮತ್ತೆ ಒಳಗೆ ತುಂಬಲು ಬರುವುದಿಲ್ಲ.

ಚೈನು ಬಿಗಿಯಾಗಿದ್ದಷ್ಟೂ ಪಿಕಪ್ ಚೆನ್ನಾಗಿರುತ್ತದೆ ಎಂಬುದೂ ತಪ್ಪು. ಹಿಂದಿನ ಚಕ್ರ ಗುಂಡಿಗೆ ಬಿದ್ದು ಎದ್ದಾಗ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಜಾಗ ಇಲ್ಲದಿದ್ದರೆ ಚೈನು ಗೇರ್‌ಬಾಕ್ಸಿನ ಬೇರಿಂಗನ್ನು ಎಳೆದು ಹಾಳುಮಾಡುತ್ತದೆ. ಸಾಮಾನ್ಯ ಬೈಕುಗಳಲ್ಲಿ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿದರೆ 20ರಿಂದ 30 ಮಿಲಿಮೀಟರ್ ಆಡಬೇಕು. ನಿಮ್ಮ ಗಾಡಿಯ ನಿಖರ ಸಂಖ್ಯೆ ಮ್ಯಾನ್ಯುಯಲ್ಲಿನಲ್ಲಿರುತ್ತದೆ.

‘ಚೈನು ಒಂದನ್ನೇ ಬದಲಿಸಿ, ಸ್ಪ್ರಾಕೆಟ್ ಬದಲಿಸಿ ಎನ್ನುವುದು ಗ್ಯಾರೇಜಿನವರ ಲೂಟಿ’ ಎಂಬುದು ಇನ್ನೊಂದು. ಕೆಲವೊಮ್ಮೆ ಲೂಟಿ ಇರಬಹುದು, ಆದರೆ ಮಾತಿಗೆ ಆಧಾರ ಇದೆ. ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರುತ್ತದೆ, ಹಲ್ಲು ಒಂದು ಕಡೆಗೆ ಬಾಗಿದ ಕೊಕ್ಕೆಯಂತಾಗುತ್ತದೆ. ಆ ಕೊಕ್ಕೆಯ ಮೇಲೆ ಹೊಸ ಚೈನು ಹಾಕಿದರೆ ಅದೂ ಬೇಗ ಸವೆಯುತ್ತದೆ. ಹಲ್ಲನ್ನು ನೀವೇ ನೋಡಿ ತೀರ್ಮಾನಿಸಿ.

ಸೈಕಲ್ಲಾದರೆ ಮನೆಯ ಸ್ಕೇಲೇ ಸಾಕು. ಚೈನನ್ನು ಎಳೆದು ಹಿಡಿದು ಒಂದು ಪಿನ್ನಿನ ನಡುವಿನಿಂದ 24 ಪಿಚ್ ಎಣಿಸಿ ಅಳೆಯಿರಿ. ಹೊಸದರಲ್ಲಿ 12 ಇಂಚು, ಅಂದರೆ 304.8 ಮಿಲಿಮೀಟರ್ ಇರುತ್ತದೆ. 307–308 ಆಗಿದ್ದರೆ ಚೈನಿನ ಕಾಲ ಮುಗಿಯಿತು.

ಇವೆಲ್ಲಕ್ಕಿಂತ ಗಂಭೀರವಾದದ್ದು ಒಂದಿದೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಓಡುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ‘ಐದು ನಿಮಿಷದ ಟ್ರಿಕ್’ ವಿಡಿಯೊಗಳು. ಬಟ್ಟೆಯ ಅಂಚು ಚೈನು ಮತ್ತು ಹಲ್ಲಿನ ನಡುವೆ ಸಿಕ್ಕಿದರೆ ಅದು ಬೆರಳನ್ನೂ ಎಳೆದುಕೊಳ್ಳುತ್ತದೆ, ಕೈ ಹಿಂದಕ್ಕೆ ತೆಗೆಯಲು ಸಮಯ ಇರುವುದಿಲ್ಲ. ಹೀಗೆ ಬೆರಳು ಕಳೆದುಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ, ಅವರಲ್ಲಿ ಪಳಗಿದ ಮೆಕ್ಯಾನಿಕ್ಕುಗಳೂ ಸೇರಿದ್ದಾರೆ. ಇಂಥ ವಿಡಿಯೊ ನಿಮಗೆ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೂ ಒಂದು ಮಾತು ಹೇಳಿ. ಚೈನು ಒರೆಸುವಾಗ ಎಂಜಿನ್ ಆಫ್ ಇರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಒಂದು ಕೈಯಿಂದ ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ, ಸ್ಪ್ರಾಕೆಟ್ಟಿನಿಂದ ದೂರದಲ್ಲಿ, ಕೆಳಗಿನ ಸಾಲಿನ ನಡುಭಾಗದಲ್ಲಿ ಇನ್ನೊಂದು ಕೈಯ ಬಟ್ಟೆ ಹಿಡಿದು ಒರೆಸಿ.